ಐತಿಹಾಸಿಕ ಕಿರುಗತೆಯೂ ಸತ್ಯದ ಹೊಣೆಯೂ

ಮುನ್ನೂರು ಶಬ್ದಗಳನ್ನು ಮೀರದಂತೆ ಒಂದು ಐತಿಹಾಸಿಕ ಕತೆಯನ್ನು ಬರೆಯಬೇಕೆಂದು ನಮ್ಮ ಕಡೆಯ ಕೆಲವು ಸಾಹಿತ್ಯಪ್ರೇಮಿಗಳು ಈಚೆಗೆ ತಮ್ಮತಮ್ಮಲ್ಲಿಯೇ ಒಂದು ಸ್ನೇಹಸ್ಪರ್ಧೆಯನ್ನು ಏರ್ಪಡಿಸಿದ್ದರು. ಪಾರಿತೋಷಕವೆಂದರೆ ಒಂದು ಪುಸ್ತಕ, ಒಂದು ತೆಂಗಿನಕಾಯಿ, ಅಷ್ಟೇ. ಬಂದ ಕತೆಗಳನ್ನು ಓದಿ ತಾರತಮ್ಯವನ್ನು ಹೇಳುವ ಕೆಲಸವು ಮುಗಳಖೋಡದಲ್ಲಿ ನಿವೃತ್ತನಾಗಿ ಕುಳಿತಿರುವ ನನ್ನ ಪಾಲಿಗೆ ಬಂದಿತು. ರಾಯಬಾಗ, ಚಿಕ್ಕೋಡಿ, ಅಥಣಿ, ನಿಪ್ಪಾಣಿ, ಕಾಗವಾಡ ಈ ಐದೂ ಕಡೆಗಳಿಂದ ಇಪ್ಪತ್ತಕ್ಕೂ ಮೇಲ್ಪಟ್ಟು ಕತೆಗಳು ಬಂದವು. ಹೆಚ್ಚಿನವು ಮೊಬೈಲಿನಲ್ಲಿ ಬಂದವಾದ್ದರಿಂದ ನನ್ನ ಮೊಮ್ಮಗಳು ಅವನ್ನು ಕಾಗದಕ್ಕೆ ಇಳಿಸಿಕೊಟ್ಟಳು. ಅವುಗಳನ್ನು ಓದುವಾಗ ನನ್ನ ಮನಸ್ಸಿನಲ್ಲಿ ಎದ್ದ ವಿಚಾರಗಳನ್ನು ಇಲ್ಲಿ ವಾಚಕರ ಮುಂದೆ ಇಡುತ್ತೇನೆ. ಬರೆದವರ ಹೆಸರುಗಳನ್ನು ಹೇಳುವದಿಲ್ಲ. ಗುಣವನ್ನಾಗಲಿ ದೋಷವನ್ನಾಗಲಿ ಹೇಳುವಾಗ ಕತೆಯನ್ನು ನೋಡಬೇಕಲ್ಲದೆ ಕತೆಗಾರನನ್ನು ನೋಡಬಾರದು. ಆದರೆ ಒಂದು ದೋಷದ ವಿಷಯದಲ್ಲಿ ಮಾತ್ರ ದೋಷಿಯ ಗುರುತನ್ನು ನಾನು ಮರೆಮಾಡಲಾರೆ. ಅದನ್ನು ಮುಂದೆ ಹೇಳುವೆನು.

ಮೊದಲು ಒಂದು ಆಕ್ಷೇಪಕ್ಕೆ ಉತ್ತರ ಕೊಡಬೇಕಾಗಿದೆ. ಇತಿಹಾಸವೆಂಬದು ಸಮುದ್ರ, ಮುನ್ನೂರು ಶಬ್ದವೆಂಬದು ಬೊಗಸೆ. ಇದರಲ್ಲಿ ಅದು ಹಿಡಿಸುವದು ಹೇಗೆ? ಇದು ಹೊಸ ಕಾಲದ ಅವಸರದ ಜನರ ಆಟವಷ್ಟೇ ಎಂದು ನನ್ನ ಹಳೆಯ ಸಹೋದ್ಯೋಗಿಗಳೊಬ್ಬರು ನಕ್ಕರು. ಅವರ ನಗೆಗೆ ಕಾರಣವಿಲ್ಲದಿಲ್ಲ. ನಮ್ಮಲ್ಲಿ ಐತಿಹಾಸಿಕ ಕತೆಯೆಂದರೆ ದೊಡ್ಡ ಗ್ರಂಥವೆಂದೇ ರೂಢಿಯಾಗಿದೆ. ಗಳಗನಾಥರು (1869-1942) ಕಾದಂಬರಿಗಳನ್ನು ಬರೆದು, ಅವುಗಳ ಹೊರೆಯನ್ನು ಹೊತ್ತು ಊರೂರು ತಿರುಗಿ ಓದುವ ಜನವನ್ನು ಸಿದ್ಧಮಾಡಿದರು. ಗೋಕಾಕ ಸೀಮೆಯ ಬೆಟಗೇರಿಯವರಾದ ಕೃಷ್ಣಶರ್ಮರೂ (1900-1982) ಐತಿಹಾಸಿಕ ವಸ್ತುವಿಗೆ ಕಾದಂಬರಿಯ ವಿಸ್ತಾರವನ್ನೇ ಆರಿಸಿಕೊಂಡರು. ಮಾಸ್ತಿಯವರು ಚರಿತ್ರೆಯ ವಸ್ತುವನ್ನು ಸಣ್ಣಕತೆಗೂ ಒಗ್ಗಿಸಿ ತೋರಿಸಿದರು. ಆದರೂ ಅವರ ಕತೆ ಸಾವಧಾನವಾಗಿ ನಡೆಯತಕ್ಕದ್ದು, ಓಡತಕ್ಕದ್ದಲ್ಲ. ಹೀಗಿರಲು ಮುನ್ನೂರು ಶಬ್ದದ ಕತೆಗೆ ವಂಶವೆಲ್ಲಿ?

ವಂಶವಿದೆ. ಅದು ಕಾಗದದ ಮೇಲಿಲ್ಲ, ಕಲ್ಲಿನ ಮೇಲಿದೆ. ಆತಕೂರಿನ ಶಾಸನವನ್ನು ನೋಡಿರಿ. ಇದು ಶಕವರ್ಷ 872ರದು, ಎಂದರೆ ಕ್ರಿಸ್ತಶಕ 949-50ರದು. ರಾಷ್ಟ್ರಕೂಟ ಮೂರನೆಯ ಕೃಷ್ಣನು ತಕ್ಕೋಲದಲ್ಲಿ ಚೋಳ ರಾಜಾದಿತ್ಯನೊಡನೆ ಮಾಡಿದ ಯುದ್ಧ. ಅದರಲ್ಲಿ ಚೋಳನ ಮರಣ. ಕೃಷ್ಣನ ಪಕ್ಷದಲ್ಲಿ ಹೋರಾಡಿದ ಗಂಗ ಬೂತುಗ. ಬೂತುಗನ ಆಳು ಮಣಲೆರ. ಇಷ್ಟು ದೊಡ್ಡ ಯುದ್ಧವನ್ನು ಹೇಳಿದ ಮೇಲೆ ಶಾಸನವು ಎತ್ತ ತಿರುಗುತ್ತದೆ? ಒಂದು ನಾಯಿಯ ಕಡೆಗೆ! ಶೌರ್ಯಕ್ಕೆ ಮೆಚ್ಚಿ ಒಡೆಯನು ಬೇಡಿದ್ದನ್ನು ಕೊಡುವೆನೆಂದಾಗ ಮಣಲೆರನು ಕಾಳಿ ಎಂಬ ಬೇಟೆಯ ನಾಯಿಯನ್ನು ಬೇಡುತ್ತಾನೆ. ಆ ನಾಯಿಯು ಕೆಲಲೆನಾಡಿನ ಬೆಳತೂರಿನ ಬೆಟ್ಟದಲ್ಲಿ ಒಂದು ದೊಡ್ಡ ಹಂದಿಯೊಡನೆ ಹೋರಾಡುತ್ತದೆ, ಎರಡೂ ಸಾಯುತ್ತವೆ. ಅದರ ನೆನಪಿಗೆ ಆತಕೂರಿನ ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲು ನಿಲ್ಲುತ್ತದೆ, ಭೂಮಿ ಬಿಡಲ್ಪಡುತ್ತದೆ. ಆ ಕಲ್ಲಿಗೆ ಪೂಜೆ ಮಾಡದೆ ಉಂಡ ಪೂಜಾರಿಗೆ ಪಾಪವೆಂಬ ಕಟ್ಟೂ ಇದೆ. ನಾಯಿಯೂ ಹಂದಿಯೂ ಕಾದುತ್ತಿರುವ ಶಿಲ್ಪದೊಡನೆ ಆ ಕಲ್ಲನ್ನು ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿ ಇರಿಸಿದ್ದಾರೆ.

ಈ ಶಾಸನವು ಕತೆಯಲ್ಲ, ದಾಖಲೆ. ಇದು ನನಗೆ ಗೊತ್ತಿದೆ. ಆದರೆ ಕತೆ ಬರೆಯುವವನು ಇದರಿಂದ ಕಲಿಯತಕ್ಕದ್ದು ಬಹಳವಿದೆ. ಸಾಮ್ರಾಜ್ಯಗಳ ಯುದ್ಧವನ್ನು ಹಿಂದೆ ಪರದೆಯಂತೆ ಬಿಟ್ಟು, ಒಬ್ಬ ಆಳಿನ ಒಂದೇ ಬೇಡಿಕೆಯನ್ನು ಮುಂದೆ ನಿಲ್ಲಿಸಿದ್ದರಿಂದ ಆ ಕಾಲದ ಮನಸ್ಸು ನಮಗೆ ಕಾಣುತ್ತದೆ. ಊರನ್ನಲ್ಲ, ಹೊನ್ನನ್ನಲ್ಲ, ನಾಯಿಯನ್ನು ಬೇಡಿದವನು ಎಂಥವನಿರಬೇಕು! ಶಾಸನ ಅದನ್ನು ಹೇಳುವದಿಲ್ಲ. ಓದಿದವನು ತಾನೇ ಹೇಳಿಕೊಳ್ಳುತ್ತಾನೆ. ಬಾದಾಮಿಯ ಬಂಡೆಯ ಮೇಲಿನ ಕಪ್ಪೆ ಅರಭಟ್ಟನ ಶಾಸನವು ಇದಕ್ಕೂ ಹಳೆಯದು, ಇದಕ್ಕೂ ಚಿಕ್ಕದು. ಅದರಲ್ಲಿ ಘಟನೆಯೇ ಇಲ್ಲ. ಸಜ್ಜನರೊಡನೆ ಆತನ ನಡತೆ ಹೇಗೆ, ಕೆಣಕಿದವರೊಡನೆ ಹೇಗೆ ಎಂಬಷ್ಟನ್ನೇ ಹೇಳಿ ಕೆಲವೇ ಸಾಲುಗಳಲ್ಲಿ ಒಬ್ಬ ಮನುಷ್ಯನನ್ನು ಸಾವಿರದ ಮುನ್ನೂರು ವರ್ಷಗಳಿಂದ ನಿಲ್ಲಿಸಿಟ್ಟಿದೆ. ಆದುದರಿಂದ ಸಂಕ್ಷೇಪವು ಅವಸರದ ಲಕ್ಷಣವೆಂಬ ಮಾತು ನಿಲ್ಲಲಾರದು. ಸೂತ್ರದಲ್ಲಿ ಅರ್ಧ ಮಾತ್ರೆ ಉಳಿದರೂ ಮಗ ಹುಟ್ಟಿದಷ್ಟು ಹಿಗ್ಗುವ ವೈಯಾಕರಣರ ಪರಂಪರೆಯಲ್ಲಿ ಓದಿದವನು ನಾನು. ಲಾಘವವನ್ನು ಹಗುರವೆಂದು ತಿಳಿಯಲಾರೆ.

ಇನ್ನು ಬಂದ ಕತೆಗಳ ವಿಚಾರ. ಹೆಚ್ಚಿನವುಗಳ ಮೊದಲನೆಯ ದೋಷವು ಅತಿವ್ಯಾಪ್ತಿ. ಕಿತ್ತೂರಿನ ಮೇಲೆಯೇ ಹಲವು ಕತೆಗಳಿದ್ದವು, ಅದು ಸಹಜವೇ. ಆದರೆ 1824ರ ಅಕ್ಟೋಬರದಲ್ಲಿ ಕಲೆಕ್ಟರ ಥ್ಯಾಕರೆಯು ಬಿದ್ದದ್ದು, ಡಿಸೆಂಬರದಲ್ಲಿ ಕೋಟೆ ಹೋದದ್ದು, 1829ರಲ್ಲಿ ಚೆನ್ನಮ್ಮ ರಾಣಿಯವರು ಬೈಲಹೊಂಗಲದ ಸೆರೆಯಲ್ಲಿ ಕಾಲವಾದದ್ದು, 1831ರಲ್ಲಿ ಸಂಗೊಳ್ಳಿ ರಾಯಣ್ಣನು ನಂದಗಡದಲ್ಲಿ ಗಲ್ಲಿಗೇರಿದ್ದು, ಇಷ್ಟನ್ನೂ ಮುನ್ನೂರು ಶಬ್ದಗಳಲ್ಲಿ ತುಂಬಿದರೆ ಉಳಿಯುವದು ಕತೆಯಲ್ಲ, ಪರೀಕ್ಷೆಯ ಹಿಂದಿನ ರಾತ್ರಿಯ ಟಿಪ್ಪಣಿ. ಕಾಶ್ಮೀರದ ಆನಂದವರ್ಧನನು ಒಂಬತ್ತನೆಯ ಶತಮಾನದಲ್ಲಿಯೇ ಧ್ವನ್ಯಾಲೋಕದಲ್ಲಿ ಇದಕ್ಕೆ ಉತ್ತರ ಹೇಳಿದ್ದಾನೆ: ನಡೆದದ್ದನ್ನು ನಡೆದಂತೆ ಹೇಳಿ ಮುಗಿಸಿದ ಮಾತ್ರದಿಂದ ಕವಿಯ ಕೆಲಸವಾಗುವದಿಲ್ಲ; ಆ ಕೆಲಸ ಇತಿಹಾಸದಿಂದಲೇ ಆಗುತ್ತದೆ. ಕವಿಯು ರಸಕ್ಕೆ ಬೇಕಾದದ್ದನ್ನು ಆಯಬೇಕು.

ಎರಡನೆಯದು ಕಾಲದೋಷ. ಬೆಳಗಾವಿಯ ಕಮಲಬಸದಿಯು 1204ರಲ್ಲಿ ರಟ್ಟ ನಾಲ್ಕನೆಯ ಕಾರ್ತವೀರ್ಯನ ಮಂತ್ರಿಯಾದ ಬೀಚಿರಾಜನಿಂದ ಕಟ್ಟಲ್ಪಟ್ಟಿತು. ನಮ್ಮ ಈ ಸೀಮೆಯೆಲ್ಲವೂ ಅಂದು ರಟ್ಟರ ಕೂಹುಂಡಿ ಮೂರು ಸಾವಿರ. ಅದರ ಮೇಲೆ ಒಬ್ಬರು ಕತೆ ಬರೆದು ಕಳಿಸಿದರು, ವಸ್ತುವು ಉತ್ತಮ. ಆದರೆ ಅದರಲ್ಲಿಯ ಕಲ್ಲುಕುಟಿಗನು ರೊಟ್ಟಿಯೊಡನೆ ಹಸಿಮೆಣಸಿನಕಾಯಿಯ ಖಾರವನ್ನೂ ಶೇಂಗಾ ಹಿಂಡಿಯನ್ನೂ ತಿಂದು, ಮೇಲೆ ತಂಬಾಕನ್ನು ಬಾಯಿಗೆ ಹಾಕಿಕೊಳ್ಳುತ್ತಾನೆ. ನಿಪ್ಪಾಣಿಯ ಪೇಟೆಗೆ ತಂಬಾಕು ಎಷ್ಟು ಹಳೆಯ ನಂಟೆಂದು ನಮಗೆ ತೋರಿದರೂ, ಮೆಣಸಿನಕಾಯಿ, ಶೇಂಗಾ, ತಂಬಾಕು ಈ ಮೂರೂ ಅಮೇರಿಕಾ ಖಂಡದವು. 1498ರಲ್ಲಿ ಪೋರ್ತುಗೀಜರು ನಮ್ಮ ಕರಾವಳಿಗೆ ಬಂದಾದ ಮೇಲೆಯೇ ನಮ್ಮ ಹೊಲಗಳನ್ನು ಸೇರಿದವು. ರಟ್ಟರ ಕಾಲದ ಖಾರವೆಂದರೆ ಕರಿಮೆಣಸು. ಇನ್ನೊಂದು ಕತೆಯಲ್ಲಿ ಕಿತ್ತೂರಿನ ಕಾವಲುಗಾರನು 1824ರಲ್ಲಿ ಕಡ್ಡಿಪೆಟ್ಟಿಗೆಯಿಂದ ದೀಪ ಹಚ್ಚುತ್ತಾನೆ. ಗೀರಿದರೆ ಹೊತ್ತುವ ಕಡ್ಡಿಯು ಇಂಗ್ಲಂಡದಲ್ಲಿಯೇ ಮಾರಾಟಕ್ಕೆ ಬಂದದ್ದು 1827ರಲ್ಲಿ. ಪಾಪ, ನಮ್ಮ ಕಾವಲುಗಾರನು ಚಕಮಕಿಯನ್ನೇ ಕುಟ್ಟಬೇಕಾಗಿತ್ತು. ಮತ್ತೊಬ್ಬರ ಸೈನಿಕನು ವಿಜಯನಗರದಲ್ಲಿ ‘ಹತ್ತು ನಿಮಿಷ’ ಕಾಯುತ್ತಾನೆ. ಅರ್ಧ ಗಳಿಗೆ ಕಾದಿದ್ದರೆ ಹನ್ನೆರಡು ನಿಮಿಷವಾಗುತ್ತಿತ್ತು, ನಷ್ಟವೇನೂ ಇರಲಿಲ್ಲ.

ಇಂಥವುಗಳನ್ನು ಕ್ಷುಲ್ಲಕವೆಂದು ಕೆಲವರು ತಿಳಿಯಬಹುದು. ಐದುನೂರು ಪುಟದ ಕಾದಂಬರಿಯಲ್ಲಿ ಇವು ಕ್ಷುಲ್ಲಕವೇ ಸರಿ. ಕಿರುಗತೆಯಲ್ಲಿ ಹಾಗಲ್ಲ. ಅಲ್ಲಿ ಒಂದು ಮೆಣಸಿನಕಾಯಿಯೂ ಸಾಕ್ಷಿಯ ಕಟ್ಟೆಯಲ್ಲಿ ನಿಂತಂತೆ. ಅದು ಸುಳ್ಳಾಡಿದರೆ ಕತೆಯ ಹತ್ತನೆಯ ಒಂದು ಪಾಲು ಸುಳ್ಳಾಗುತ್ತದೆ. ಕ್ಷೇಮೇಂದ್ರನು ಔಚಿತ್ಯವನ್ನು ಕಾವ್ಯದ ಜೀವವೆಂದನು. ಅವನು ದೇಶಕಾಲಗಳ ಔಚಿತ್ಯವನ್ನೂ ಅದರಲ್ಲಿ ಸೇರಿಸಿದ್ದಾನೆಂಬದನ್ನು ಮರೆಯಬಾರದು.

ಮೂರನೆಯ ದೋಷವು ಕಡೆಯ ಸಾಲಿನಲ್ಲಿ ಹೆಸರನ್ನು ಹೊರಗೆಡಹುವ ಚಪಲ. ಒಬ್ಬ ಹುಡುಗನು ಕುರಿ ಕಾಯುತ್ತಾನೆ, ಕಲ್ಲು ಬೀರುತ್ತಾನೆ, ತಾಯಿಗೆ ಏನೋ ಮಾತು ಕೊಡುತ್ತಾನೆ. ಕಟ್ಟಕಡೆಗೆ ‘ಅವನೇ ಸಂಗೊಳ್ಳಿ ರಾಯಣ್ಣ!’ ಎಂದು ಕತೆ ಮುಗಿಯುತ್ತದೆ. ಇಂಥವು ನಾಲ್ಕು ಬಂದಿದ್ದವು. ಇದು ಒಗಟು, ಧ್ವನಿಯಲ್ಲ. ಒಗಟನ್ನು ಬಿಡಿಸಿದ ಮೇಲೆ ಮತ್ತೊಮ್ಮೆ ಓದಲಿಕ್ಕೆ ಏನೂ ಉಳಿಯುವದಿಲ್ಲ. ಧ್ವನಿಯಾದರೋ ಗಂಟೆಯನ್ನು ಬಾರಿಸಿದ ಮೇಲೆ ಉಳಿಯುವ ನಾದದಂತೆ, ಕತೆ ಮುಗಿದ ಮೇಲೆಯೇ ಪ್ರಾರಂಭವಾಗತಕ್ಕದ್ದು. ಹೆಸರಿನ ಮಹಿಮೆಯನ್ನು ಕಡ ತಂದು ಕತೆಯ ಬಡತನವನ್ನು ಮುಚ್ಚಿದರೆ ಆ ಮೆಚ್ಚುಗೆ ರಾಯಣ್ಣನಿಗೆ ಸಲ್ಲುತ್ತದೆಯೇ ಹೊರತು ಕತೆಗಾರನಿಗಲ್ಲ.

ಗುಣವನ್ನೂ ಹೇಳಬೇಕಲ್ಲವೇ? ಅಥಣಿಯ ಕಡೆಯಿಂದ ಬಂದ ಒಂದು ಕತೆಯನ್ನು ನಾನು ಒಂದೇ ಸಂಜೆಯಲ್ಲಿ ಐದು ಸಲ ಓದಿದೆನು. ಬರೆದವರು ಗೃಹಿಣಿಯರು; ಇದು ಅವರ ಮೊದಲನೆಯ ಕತೆಯಂತೆ. ಬೈಲಹೊಂಗಲದ ಸೆರೆಯ ಜನರಿಗಾಗಿ ಜೋಳ ಬೀಸುವ ಒಬ್ಬ ಮುದುಕಿ. ಅವಳಿಗೆ ಹೆಸರಿಲ್ಲ. ರಾಣಿಯನ್ನು ಅವಳು ಒಮ್ಮೆಯೂ ಕಂಡಿಲ್ಲ. ದಿನಾಲು ಅಳೆದು ಕೊಟ್ಟ ಜೋಳವನ್ನು ಬೀಸುತ್ತಾಳೆ, ಬೀಸುವಾಗ ಹಾಡುತ್ತಾಳೆ. ಒಳಗೆ ಯಾರಾದರೂ ಕೇಳುತ್ತಿರಬಹುದೇ ಎಂದು ಒಮ್ಮೊಮ್ಮೆ ದನಿಯನ್ನು ಎತ್ತರಿಸುತ್ತಾಳೆ. ಒಂದು ಮುಂಜಾವಿನಲ್ಲಿ ಪಹರೆಯವನು ಬಂದು, ಇನ್ನು ಮೇಲೆ ಅಚ್ಚೇರು ಕಡಿಮೆ ಬೀಸೆಂದು ಹೇಳಿ ಹೋಗುತ್ತಾನೆ. ಮುದುಕಿಯು ಬೀಸುವ ಕಲ್ಲಿನ ಗೂಟವನ್ನು ಹಿಡಿದುಕೊಂಡು ಕೂಡ್ರುತ್ತಾಳೆ, ಅಂದು ಹಾಡುವದಿಲ್ಲ. ಕತೆ ಮುಗಿಯಿತು. ಚೆನ್ನಮ್ಮ ಎಂಬ ಹೆಸರು ಕತೆಯಲ್ಲಿ ಎಲ್ಲಿಯೂ ಇಲ್ಲ, ಮರಣವೆಂಬ ಶಬ್ದವೂ ಇಲ್ಲ. ‘ಬೈಲಹೊಂಗಲ, 1829’ ಎಂಬ ತಲೆಬರೆಹ ಮಾತ್ರವಿದೆ. ಅಚ್ಚೇರು ಜೋಳದ ಅಳತೆಯಲ್ಲಿ ಒಂದು ರಾಜ್ಯವು ಮುಗಿದದ್ದನ್ನು ತೂಗಿಕೊಟ್ಟ ಈ ತಾಯಿಗೆ ಧ್ವನಿಯ ಲಕ್ಷಣವನ್ನು ಯಾರೂ ಕಲಿಸಿಲ್ಲ. ನಾನು ಲಕ್ಷಣವನ್ನು ಕಂಠಪಾಠ ಮಾಡಿ ಐವತ್ತು ವರ್ಷಗಳಾದವು; ಇಂಥ ಒಂದು ಸಾಲನ್ನೂ ಬರೆಯಲಿಲ್ಲ.

ಇನ್ನು ನಾನು ಮೊದಲು ಸೂಚಿಸಿದ ದೋಷಕ್ಕೆ ಬರುತ್ತೇನೆ.

ಒಂದು ಕತೆಯ ವಸ್ತು ಹೀಗಿತ್ತು: ರಾಯಣ್ಣನನ್ನು ಕೈಗೆ ಬೇಡಿ ತೊಡಿಸಿ ನಂದಗಡಕ್ಕೆ ಒಯ್ಯುತ್ತಿದ್ದಾರೆ. ದಾರಿಯಲ್ಲಿ ಒಬ್ಬ ಕುರಿ ಕಾಯುವ ಹುಡುಗನು ಸಿಪಾಯಿಗಳಿಗೆ ಅಂಜದೆ ಮುಂದೆ ಬಂದು ಅವನಿಗೆ ಒಂದು ತಂಬಿಗೆ ಮಜ್ಜಿಗೆಯನ್ನು ಕೊಡುತ್ತಾನೆ. ರಾಯಣ್ಣನು ಕುಡಿದು, ‘ನನ್ನ ಕಂಬಳಿ ಇನ್ನು ನಿನ್ನದು, ಚಳಿಗಾಲ ಬಹಳ ಉದ್ದವಿದೆ’ ಎಂದು ತನ್ನ ಕಂಬಳಿಯನ್ನು ಅವನಿಗೆ ಹೊದಿಸಿ ಮುಂದೆ ನಡೆಯುತ್ತಾನೆ. ಬರವಣಿಗೆಯು ಬಿಗಿಯಾಗಿತ್ತು, ಭಾಷೆಯು ಶುದ್ಧವಾಗಿತ್ತು, ಕಾಲದೋಷವಿರಲಿಲ್ಲ. ಕೆಳಗೆ ಒಂದು ಸಾಲು: ‘ಇದು ನಡೆದ ಸಂಗತಿ. ಶಾಲೆಯಲ್ಲಿ ನಮ್ಮ ಗುರುಗಳು ಹೇಳಿದ್ದು.’

ಓದುತ್ತಲೇ ನನ್ನ ಕೈ ತಣ್ಣಗಾಯಿತು. ಇದು ನಡೆದ ಸಂಗತಿಯಲ್ಲ. ಆ ಗುರು ನಾನೇ. ಮೂವತ್ತು ವರ್ಷಗಳಿಗೂ ಹಿಂದೆ ಒಂದು ಬೇಸಿಗೆಯ ಮಧ್ಯಾಹ್ನ, ಊಟ ಮಾಡಿ ಬಂದು ತೂಕಡಿಸುತ್ತಿದ್ದ ಹುಡುಗರನ್ನು ಎಚ್ಚರಿಸಬೇಕೆಂದು, ಪಾಠದಲ್ಲಿಲ್ಲದ ಆ ಹುಡುಗನನ್ನೂ ಮಜ್ಜಿಗೆಯನ್ನೂ ಕಂಬಳಿಯನ್ನೂ ನಿಂತ ನಿಲುವಿನಲ್ಲಿ ನಾನು ಕಟ್ಟಿ ಹೇಳಿದೆನು. ಹುಡುಗರ ಕಣ್ಣುಗಳು ಅರಳಿದವು. ಒಬ್ಬಿಬ್ಬರ ಕಣ್ಣಲ್ಲಿ ನೀರೂ ಬಂದಿತು. ಆ ಕಣ್ಣೀರಿನ ರುಚಿ ಹತ್ತಿದ ಮೇಲೆ ಪ್ರತಿ ವರ್ಷವೂ ಹೇಳಿದೆನು. ಕತೆಯೆಂದು ಒಮ್ಮೆಯೂ ಹೇಳಲಿಲ್ಲ. ವರುಷಗಳು ಕಳೆದಂತೆ ಅದು ಕಟ್ಟಿದ್ದೆಂಬದನ್ನು ನಾನೂ ಅರ್ಧ ಮರೆತಿದ್ದೆನು.

ಕತೆ ಬರೆದ ಶಿಷ್ಯನನ್ನು ಮನೆಗೆ ಕರೆಸಿದೆನು. ಈಗ ಅವನು ಸಂಸಾರವಂದಿಗ, ನಾಲ್ಕು ಜನರಲ್ಲಿ ಮಾನವುಳ್ಳವನು. ಇದ್ದದ್ದನ್ನು ಇದ್ದಂತೆ ಹೇಳಿದೆನು. ಅವನು ಬಹಳ ಹೊತ್ತು ಸುಮ್ಮನಿದ್ದು,

“ಗುರುಗಳ, ಹಂಗಾದ್ರ ಆ ಹುಡುಗ ಇರಲೇ ಇಲ್ಲೇನ್ರಿ?” ಎಂದನು.

“ಇರಲಿಲ್ಲಪಾ.”

“ನನ್ನ ಮಗಳಿಗೂ ಹೇಳೇನ್ರಿ. ಆಕಿ ಸಾಲ್ಯಾಗ ಭಾಷಣಾ ಮಾಡಿ ಬಹುಮಾನಾ ತಂದಾಳ್ರಿ.”

ನಾನು ಏನು ಹೇಳಲಿ? ಮೂರನೆಯ ತಲೆಮಾರಿಗೆ ಮುಟ್ಟಿದ ಸುಳ್ಳಿಗೆ ಕ್ಷಮೆಯನ್ನು ಯಾರಲ್ಲಿ ಬೇಡಬೇಕು? ನಾನು ಎಷ್ಟು ಮಕ್ಕಳಿಗೆ ಅದನ್ನು ಹೇಳಿದೆನೋ, ಅವರೆಲ್ಲ ಎಲ್ಲೆಲ್ಲಿರುವರೋ, ಎಷ್ಟು ಜನರಿಗೆ ಅದು ಇತಿಹಾಸವಾಗಿ ಹಬ್ಬಿದೆಯೋ! ಅವರಲ್ಲಿ ಯಾರ ಕಣ್ಣಿಗಾದರೂ ಈ ಲೇಖನವು ಬಿದ್ದೀತೆಂಬ ಆಸೆಯೂ ಇದನ್ನು ಬರೆಯಲಿಕ್ಕೆ ಒಂದು ಕಾರಣ.

ಇಲ್ಲಿ ಒಬ್ಬರು ಹೇಳಬಹುದು: ರಾಯಣ್ಣನ ಲಾವಣಿಗಳಲ್ಲಿ ಕಲ್ಪನೆಯಿಲ್ಲವೇ? ಹಾಡಿನವನು ತನ್ನ ಮನಸ್ಸಿನಿಂದ ಮಾತು ಸೇರಿಸುವದಿಲ್ಲವೇ? ಅವನಿಗಿಲ್ಲದ ದೋಷ ಗುರುವಿಗೇಕೆ? ಉತ್ತರವಿಷ್ಟೇ: ಡಪ್ಪು ಹಿಡಿದು ನಿಂತವನು ಹಾಡುಗಾರನೆಂದು ಕೇಳುವವರಿಗೆ ತಿಳಿದಿದೆ. ಒಂದು ಊರಿನ ಲಾವಣಿ ಇನ್ನೊಂದೂರಿನದಕ್ಕೆ ಕೂಡುವದಿಲ್ಲವೆಂಬದೂ ತಿಳಿದಿದೆ. ಕಾವ್ಯದ ವೇಷವನ್ನು ಹಾಕಿಕೊಂಡು ಬಂದ ಕಲ್ಪನೆಯು ಯಾರನ್ನೂ ಮೋಸಗೊಳಿಸದು. ನಾನಾದರೋ ಸೀಮೆಸುಣ್ಣ ಹಿಡಿದು, ಇಸವಿಗಳನ್ನು ಬರೆದ ಹಲಗೆಯ ಪಕ್ಕದಲ್ಲಿ ನಿಂತು ಹೇಳಿದೆನು. ಮಾತು ಒಂದೇ ಆದರೂ ಪೀಠ ಬೇರೆ. ಆದುದರಿಂದ ಹೊಣೆಯೂ ಬೇರೆ.

ನಮ್ಮ ಹಿಂದಿನವರು ಈ ಭೇದವನ್ನು ಅರಿತಿದ್ದರು. ಅಮರಸಿಂಹನು ತನ್ನ ಕೋಶದಲ್ಲಿ ತಿಳಿದುಬಂದ ಸಂಗತಿಯನ್ನು ಹೇಳತಕ್ಕದ್ದು ಆಖ್ಯಾಯಿಕೆ, ಕಟ್ಟಿದ್ದು ಕಥೆ ಎಂದು ಎರಡು ಹೆಸರುಗಳನ್ನು ಕೊಟ್ಟಿದ್ದಾನೆ. ಏಳನೆಯ ಶತಮಾನದ ಬಾಣನು ತನ್ನ ದೊರೆಯ ವೃತ್ತಾಂತವಾದ ಹರ್ಷಚರಿತವನ್ನು ಆಖ್ಯಾಯಿಕೆಯಾಗಿಯೂ ಕಾದಂಬರಿಯನ್ನು ಕಥೆಯಾಗಿಯೂ ರಚಿಸಿದನು. ದಂಡಿಯು ಮಾತ್ರ ಇವೆರಡೂ ಒಂದೇ ಜಾತಿಯವು, ಹೆಸರಷ್ಟೇ ಎರಡೆಂದನು. ಅವನು ನೋಡಿದ್ದು ಕಟ್ಟುವ ರೀತಿಯನ್ನು. ರೀತಿಯ ಮಟ್ಟಿಗೆ ಅವನ ಮಾತು ಸರಿಯೇ. ಆದರೆ ಐತಿಹಾಸಿಕ ಕತೆಯು ಒಂದು ಕಾಲನ್ನು ಆಖ್ಯಾಯಿಕೆಯಲ್ಲಿಯೂ ಇನ್ನೊಂದನ್ನು ಕಥೆಯಲ್ಲಿಯೂ ಇಟ್ಟು ನಿಲ್ಲತಕ್ಕದ್ದು. ಯಾವ ಕಾಲು ಎಲ್ಲಿದೆಯೆಂಬದು ಓದುವವನಿಗೆ ತಿಳಿಯಬೇಕು. ದೊಡ್ಡ ಕಾದಂಬರಿಯಲ್ಲಿ ಮುನ್ನುಡಿಗೆ ಸ್ಥಳವಿರುತ್ತದೆ. ಇಷ್ಟು ನಿಜ, ಇಷ್ಟು ನನ್ನದು ಎಂದು ಕರ್ತೃವು ಅಲ್ಲಿ ಹೇಳಿಕೊಳ್ಳಬಹುದು. ಮುನ್ನೂರು ಶಬ್ದದ ಕತೆಗೆ ಮುನ್ನುಡಿಯಿಲ್ಲ. ಆದುದರಿಂದ ಪ್ರಾಮಾಣಿಕತೆಯು ಕತೆಯ ಕಟ್ಟಡದಲ್ಲಿಯೇ ಸೇರಿರಬೇಕು.

ಅದು ಸಾಧ್ಯವೇ? ಬೀಸುವ ಮುದುಕಿಯ ಕತೆಯು ಸಾಧ್ಯವೆಂದು ತೋರಿಸಿದೆ. ಮುದುಕಿಯು ಕಲ್ಪಿತಳು; ಆದರೆ ಅವಳು ರಾಣಿಯ ಬಾಯಲ್ಲಿ ಒಂದು ಮಾತನ್ನೂ ಇಡುವದಿಲ್ಲ, ರಾಣಿಯ ಮೇಲೆ ಯಾವ ಕೃತ್ಯವನ್ನೂ ಹೊರಿಸುವದಿಲ್ಲ. ಸೆರೆ, ವರ್ಷ, ಮರಣ ಇವು ದಾಖಲೆಯವು. ಜೋಳವೂ ಹಾಡೂ ಕಲ್ಪನೆಯವು. ಇಂಥ ಯಾರೋ ಬೀಸಿರಲೇಬೇಕಲ್ಲವೇ? ದಾಖಲೆಯು ಅವಳನ್ನು ಮರೆತಿದೆ, ಕತೆಯು ನೆನೆಯುತ್ತದೆ. ನನ್ನ ಕಂಬಳಿಯ ಕತೆಯಾದರೋ ರಾಯಣ್ಣನ ಬಾಯಲ್ಲಿ ಅವನಾಡದ ಮಾತನ್ನು ಇಟ್ಟಿತು, ಅವನು ಮಾಡದ ದಾನವನ್ನು ಮಾಡಿಸಿತು. ಒಳ್ಳೆಯ ದಾನವಲ್ಲವೇ ಎನ್ನಬೇಡಿರಿ. ಇಂದು ನಾನು ಸತ್ತವನ ಮೇಲೆ ಒಂದು ಗುಣವನ್ನು ಹೊರಿಸಿದರೆ, ನಾಳೆ ಇನ್ನೊಬ್ಬನು ಅದೇ ದಾರಿಯಲ್ಲಿ ಒಂದು ದ್ರೋಹವನ್ನು ಹೊರಿಸುವನು. ಅದನ್ನು ಒಂದು ಮನೆತನಕ್ಕೋ ಒಂದು ಜಾತಿಗೋ ಅಂಟಿಸುವನು. ನಮ್ಮ ಗಡಿಸೀಮೆಯಲ್ಲಿ ಎರಡು ಭಾಷೆಗಳ ಜನ ಒಂದೇ ಬಾವಿಯ ನೀರನ್ನು ಕುಡಿಯುತ್ತಾರೆ. ಇಲ್ಲಿ ಇತಿಹಾಸದ ಹೆಸರಿನಲ್ಲಿ ಹೇಳಿದ ಒಂದು ಸುಳ್ಳು ಎಷ್ಟು ದೂರ ಹೋಗಬಲ್ಲದೆಂಬದನ್ನು ಯಾರೂ ನನಗೆ ಹೇಳಬೇಕಾಗಿಲ್ಲ.

ಆದುದರಿಂದ ನನಗೆ ತೋಚಿದ ನಿಯಮವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಹೆಸರುಳ್ಳವರ ಕೃತ್ಯಗಳನ್ನು ದಾಖಲೆಗೆ ಬಿಡಬೇಕು. ಹೆಸರಿಲ್ಲದವರ ಮನಸ್ಸನ್ನು ಕಲ್ಪನೆಗೆ ತೆಗೆದುಕೊಳ್ಳಬೇಕು. ಒಂದೇ ಸ್ಥಳ, ಒಂದೇ ಹೊತ್ತು, ಒಂದೇ ವಸ್ತು ಸಾಕು. ತಿನ್ನುವ ಅನ್ನ, ಹಚ್ಚುವ ದೀಪ, ಅಳೆಯುವ ಸೇರು ಇವುಗಳನ್ನು ವಿಚಾರಿಸಿ ಬರೆಯಬೇಕು. ಕಡೆಗೆ, ‘ಇದು ನಡೆದ ಸಂಗತಿ’ ಎಂಬ ಮಾತನ್ನು ಆಧಾರವಿಲ್ಲದೆ ಎಂದಿಗೂ ಬರೆಯಕೂಡದು, ಗುರುವು ಹೇಳಿದ್ದರೂ ಕೂಡ. ಈ ನಿಯಮಕ್ಕೆ ಅಪವಾದಗಳುಂಟು. ದೊಡ್ಡ ಪ್ರತಿಭೆಯುಳ್ಳವರು ಹೆಸರುಳ್ಳವರ ಅಂತರಂಗವನ್ನೂ ಹೊಕ್ಕು ಬಂದಿದ್ದಾರೆ. ಆದರೆ ಕಲಿಯುವವರಿಗೆ ನಿಯಮವನ್ನು ಹೇಳಬೇಕಲ್ಲದೆ ಅಪವಾದವನ್ನಲ್ಲ.

ಪುಸ್ತಕವೂ ತೆಂಗಿನಕಾಯಿಯೂ ಅಥಣಿಯ ತಾಯಿಗೆ ಸಂದವು. ಶಿಷ್ಯನ ಕತೆಯನ್ನು ಎಣಿಕೆಯಲ್ಲಿ ಹಿಡಿಯಲಿಲ್ಲ. ಅದರ ಕರ್ತೃವು ನಾನಾದುದರಿಂದ ಪರೀಕ್ಷಕನಿಗೆ ಸ್ಪರ್ಧಿಸುವ ಅಧಿಕಾರವಿಲ್ಲ. ಅವನು ಸಿಟ್ಟಾಗಲಿಲ್ಲ. ಎಂಟು ದಿನಗಳ ಮೇಲೆ ಮಗಳನ್ನು ಕರೆದುಕೊಂಡು ಬಂದನು. ಆ ಹುಡುಗಿ ನನ್ನನ್ನು ನೆಟ್ಟಗೆ ನೋಡಿ, “ಅಜ್ಜಾರ, ಕಂಬಳಿ ಕತಿ ಖರೆ ಅಲ್ಲಂತ ನಮ್ಮ ಸಾಲ್ಯಾಗ ನಾನ ಹೇಳಬೇಕೋ, ನೀವು ಬಂದು ಹೇಳತೀರೋ?” ಎಂದು ಕೇಳಿದಳು. ನಾನು ಬರುವೆನೆಂದು ಹೇಳಿದ್ದೇನೆ. ಬರುವ ಸೋಮವಾರ ಹೋಗತಕ್ಕವನಿದ್ದೇನೆ.

ಅಲಂ ವಿಸ್ತರೇಣ.